ಕಾರವಾರದ ಚಾಪೆಲ್ ಹಡಗು, ಟುಪೊಲೆವ್ ವಿಮಾನ: ಹೋಗೋದಾದ್ರೆ ಒಂದು ನೋಟ್‌ಬುಕ್ ತಗೊಂಡು ಹೋಗಿ

ಐದಕ್ಕೆ ಐದು ಸ್ಟಾರ್, ಮೊದ್ಲೇ ಹೇಳ್ಬಿಡ್ತೇನೆ. ಕಾರವಾರದ ಟ್ಯಾಗೋರ್ ಬೀಚಲ್ಲಿ ಹೈವೇ ಪಕ್ಕಕ್ಕೇ ಇರೋ ಚಾಪೆಲ್ ವಾರ್‌ಶಿಪ್ ಮ್ಯೂಸಿಯಂ, ಅದರ ಹತ್ರವೇ ಈಗ ಬಂದು ನಿಂತಿರೋ ಟುಪೊಲೆವ್ ವಿಮಾನ, ಎರಡನ್ನೂ ಸೇರ್ಸಿ ಬರೀತಿದ್ದೇನೆ. ಗೋವಾಕ್ಕೆ ಹೋಗೋ ದಾರೀಲಿ ಹತ್ತು ನಿಮಿಷ ಗಾಡಿ ನಿಲ್ಸಿ, ಗನ್ನಿನ ಪಕ್ಕ ನಿಂತು ಒಂದು ಫೋಟೋ ಹೊಡ್ಕೊಂಡು, ಮಕ್ಕಳಿಗೊಂದು ಐಸ್‌ಕ್ರೀಂ ಕೊಡ್ಸಿ ಮುಂದೆ ಹೋಗೋರೇ ಜಾಸ್ತಿ. ನಾನೂ ಮೊದ್ಲು ಎರಡು ಸಲ ಹಂಗೇ ಬಂದು ಹೋಗಿದ್ದೆ. ಈ ಸಲ ಮೂರೂವರೆ ತಾಸು ಇದ್ವಿ, ಆದ್ರೂ ನೋಡಿ ಮುಗೀಲಿಲ್ಲ.

ನಾನು ಶಿರಸಿ ಕಡೆಯವ, ಪಿಯು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತೇನೆ. ಈ ಸಲ ಹೋಗಿದ್ದಕ್ಕೆ ಕಾರಣ ನನ್ನ ಅಕ್ಕನ ಮಗಳು. ಅವಳು ಇಂಜಿನಿಯರಿಂಗ್ ಕೊನೇ ವರ್ಷ, ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್. ಪ್ರಾಜೆಕ್ಟ್ ಮಾಡ್ಬೇಕು ಅಂದಾಗ ಅವಳ ಕ್ಲಾಸಿನ ಅರ್ಧಕ್ಕರ್ಧ ಮಂದಿ ಒಂದು ಅಂಗಡಿಗೆ ಹೋಗಿ ರೆಡಿಮೇಡ್ ಪ್ರಾಜೆಕ್ಟ್ ತಂದ್ರಂತೆ, ಬೋರ್ಡು, ಸರ್ಕ್ಯೂಟು, ರಿಪೋರ್ಟು ಎಲ್ಲಾ ಸೇರಿ ಹನ್ನೆರಡು ಸಾವಿರ, ಹೆಸ್ರು ಮಾತ್ರ ಬದಲಾಯಿಸೋದು ಅಷ್ಟೇ. ಅಂಗಡಿಯವ ಕೊಟ್ಟ ಲಿಸ್ಟಲ್ಲಿ 'ರೆಡಾರ್ ಸಿಸ್ಟಂ' ಅಂತಾನೂ ಒಂದಿತ್ತು. ಅಂದ್ರೆ ಎಂತದು ಅಂತ ಕೇಳಿದ್ರೆ, ಒಂದು ಸಣ್ಣ ಮೋಟ್ರಿನ ಮೇಲೆ ಅಲ್ಟ್ರಾಸೋನಿಕ್ ಸೆನ್ಸರ್ ತಿರುಗ್ತದೆ, ಮುಂದೆ ಕೈ ಇಟ್ರೆ ಸ್ಕ್ರೀನ್ ಮೇಲೆ ಒಂದು ಕೆಂಪು ಚುಕ್ಕೆ ಬರ್ತದೆ. ಅದನ್ನ ತಪ್ಪು ಅನ್ನೋದಿಲ್ಲ ನಾನು, ಎಂಟನೇ ಕ್ಲಾಸಿನ ಮಕ್ಕಳಿಗೆ ಚಲೋ ಆಟ. ಆದ್ರೆ ನಾಲ್ಕು ವರ್ಷ ಇಂಜಿನಿಯರಿಂಗ್ ಓದ್ದವರು ಅದನ್ನ ದುಡ್ಡು ಕೊಟ್ಟು ತಂದು ಮಾರ್ಕ್ಸ್ ತಗೊಳ್ಳೋದು ನೋಡಿದ್ರೆ ಹೊಟ್ಟೆ ಉರೀತದೆ, ಅದೂ ಅರಗಾದಲ್ಲಿ ದೇಶದ ದೊಡ್ಡ ನೌಕಾನೆಲೆ ಇಟ್ಕೊಂಡಿರೋ ಜಿಲ್ಲೆಯಲ್ಲಿ. ಹಂಗಾಗಿ ಅವಳಿಗೆ ಹೇಳ್ದೆ, ಅಂಗಡಿಗೆ ಹೋಗೋ ಮೊದ್ಲು ಒಂದ್ಸಲ ಕಾರವಾರಕ್ಕೆ ಹೋಗಿ ಬರುವ, ಆಮೇಲೆ ನಿನ್ನಿಷ್ಟ ಅಂತ. ಅವಳ ಜೊತೆ ಇಬ್ರು ಕ್ಲಾಸ್‌ಮೇಟ್ಸ್ ಬಂದ್ರು, ಅದ್ರಲ್ಲಿ ಒಬ್ಬ ಹೊನ್ನಾವರ ಕಡೆ ಬೋಟಿನವರ ಮನೆ ಹುಡುಗ. ಈ ಹುಡುಗನ ವಿಷ್ಯ ಆಮೇಲೆ ಬರ್ತದೆ, ಮರೀಬೇಡಿ.

ದೀಪಾವಳಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಶಿರಸಿ ಬಿಟ್ಟು ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಮೇಲೆ ಕಾರವಾರ. ಹಡಗು ನೀರಲ್ಲಿಲ್ಲ, ದಂಡೆ ಮೇಲೆ ಕಾಂಕ್ರೀಟ್ ಕಟ್ಟೆ ಮೇಲೆ ಕೂರ್ಸಿದ್ದಾರೆ, ಅದೇ ಒಂದು ಲಾಭ. ನೀರಲ್ಲಿದ್ರೆ ಕೆಳಗಿನ ಹೊಟ್ಟೆ ಕಾಣೋದಿಲ್ಲ, ಇಲ್ಲಿ ಪೂರ್ತಿ ಆಕಾರ ಕಣ್ಣಿಗೆ ಸಿಗ್ತದೆ. ಉದ್ದ ಸುಮಾರು 38 ಮೀಟರ್, ನಮ್ಮೂರ ಎರಡು ಅಡಿಕೆ ಚಪ್ಪರ ಒಂದರ ಹಿಂದೆ ಒಂದು ಹಾಕ್ದಷ್ಟು. ಇಷ್ಟು ಸಣ್ಣ ದೋಣಿ ಎಂತ ಯುದ್ಧ ಮಾಡ್ತದೆ ಅನ್ಸ್ತದೆ ಮೊದ್ಲು ನೋಡಿದಾಗ.

ಇಲ್ಲಿ ಒಂದು ತಪ್ಪು ಮಾಹಿತಿ ಸರಿ ಮಾಡ್ಬೇಕು. ನಮ್ಮ ಪಕ್ಕದಲ್ಲೇ ಒಂದು ಟೂರಿಸ್ಟ್ ಟೆಂಪೋದವರು ಬಂದಿದ್ರು, ಅವರ ಗೈಡು ದೊಡ್ಡ ದನಿಯಲ್ಲಿ ಹೇಳ್ತಿದ್ದ, 1971ರಲ್ಲಿ ಕರಾಚಿ ಸುಟ್ಟಿದ್ದು ಇದೇ ಹಡಗು ಅಂತ. ಅಲ್ಲ. ಚಾಪೆಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿ ಆಗಿದ್ದು 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋಗಿ ಹೊಡೆದಿದ್ದು ನಿಪಟ್, ನಿರ್ಘಟ್, ವೀರ್ ಅನ್ನೋ ಮೂರು ಮಿಸೈಲ್ ಬೋಟು, ಅದಕ್ಕೇ ಡಿಸೆಂಬರ್ 4 ನೌಕಾಪಡೆ ದಿನ. ಚಾಪೆಲ್ ಅವುಗಳ ತಮ್ಮ ಅನ್ನಬಹುದು, ಸೋವಿಯತ್ ಒಸಾ ಜಾತಿಯದ್ದೇ, ಆದ್ರೆ ಮುಂದಿನ ತಲೆಮಾರಿಂದು. ಇದು ಕಾಗದ ನೋಡಿಯೇ ತಿಳೀಬೇಕು ಅಂತಿಲ್ಲ, ಹಡಗಿನ ಮೈ ನೋಡಿದ್ರೂ ಗೊತ್ತಾಗ್ತದೆ. ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಕ್ಷಿಪಣಿ ಗೂಡು ಇದೆಯಲ್ಲ, ಅವು ದುಂಡಗೆ ಕೊಳವೆ ಥರ ಇವೆ. ಹಳೇ ಒಸಾದಲ್ಲಿ ಅವು ಪೆಟ್ಟಿಗೆ ಥರ ದೊಡ್ಡವು, ಯಾಕಂದ್ರೆ ಆಗಿನ ಕ್ಷಿಪಣಿಯ ರೆಕ್ಕೆ ಮಡಚ್ತಿರ್ಲಿಲ್ಲ. ಆಮೇಲೆ ರೆಕ್ಕೆ ಮಡಚೋ ಕ್ಷಿಪಣಿ ಬಂತು, ಗೂಡು ಸಪೂರ ಆಯ್ತು, ದುಂಡಗಾಯ್ತು. ಅಕ್ಕನ ಮಗಳು ಆ ಗೂಡಿನ ಮುಚ್ಚಳದ ದಪ್ಪ ಕೀಲಿನ ಮೇಲೆ ಕೈ ಇಟ್ಟು ನಿಂತ್ಲು ಸುಮಾರು ಹೊತ್ತು. ರೆಕ್ಕೆಗೆ ಒಂದು ಕೀಲು ಹಾಕಿದ್ದಕ್ಕೆ ಪೂರ್ತಿ ಹಡಗಿನ ಆಕಾರವೇ ಬದಲಾಯ್ತಲ್ಲ ಅಂದ್ಲು. ಅಷ್ಟು ಸಾಕು ನಂಗೆ, ಪೆಟ್ರೋಲ್ ದುಡ್ಡು ಅಲ್ಲೇ ಹುಟ್ತು.

ಕರಾಚಿ ವಿಷ್ಯ ಬಂದಿದ್ದಕ್ಕೆ ಹೇಳ್ತೇನೆ, ಆ ರಾತ್ರಿ ನಡೆದಿದ್ದರಲ್ಲಿ ಇವತ್ತಿಗೂ ಪಾಠ ಮಾಡೋ ಅಂತಾ ಒಂದು ಸಂಗತಿ ಇದೆ. ಪಾಕಿಸ್ತಾನದ ಖೈಬರ್ ಅನ್ನೋ ಡೆಸ್ಟ್ರಾಯರ್ ಮೇಲೆ ನಮ್ಮ ಪಿ-15 ಕ್ಷಿಪಣಿ ಬರ್ತಾ ಇರ್ಬೇಕಾದ್ರೆ ಅದರ ಮೇಲಿದ್ದವರಿಗೆ ದೂರದಲ್ಲಿ ಒಂದು ಬೆಳಕು ಕಂಡಿತ್ತು, ಅದನ್ನ ಅವರು ವಿಮಾನ ಅಂದ್ಕೊಂಡ್ರು. ವಿಮಾನಕ್ಕೆ ಹೊಡೆಯೋ ಗನ್ನಿಂದ ಹೊಡೆದ್ರು. ಕ್ಷಿಪಣಿ ಬಡಿದ ಮೇಲೂ ಅವರು ಕಳ್ಸಿದ ಸಂದೇಶದಲ್ಲಿ ಶತ್ರು ವಿಮಾನ ದಾಳಿ ಮಾಡಿದೆ ಅಂತಾನೇ ಇತ್ತು. ಅಂದ್ರೆ ಅವರ ಹತ್ರ ಗನ್ ಇತ್ತು, ಮಂದಿ ಇದ್ರು, ಧೈರ್ಯವೂ ಇತ್ತು, ಇಲ್ದೇ ಇದ್ದಿದ್ದು ಬರ್ತಿರೋದು ಎಂತದು ಅನ್ನೋ ತಿಳುವಳಿಕೆ ಒಂದೇ. ಅದಕ್ಕೂ ನಾಲ್ಕು ವರ್ಷ ಮೊದ್ಲು, 1967ರ ಅಕ್ಟೋಬರಲ್ಲಿ ಇಸ್ರೇಲಿನ ಐಲಾತ್ ಅನ್ನೋ ಹಡಗು ಇದೇ ಜಾತಿ ಕ್ಷಿಪಣಿಗೆ ಮುಳುಗಿತ್ತು, ಜಗತ್ತಿಗೇ ಎಚ್ಚರಿಕೆ ಆಗಿತ್ತು ಅದು. ವಾಯುರಕ್ಷಣೆ ಅಂದ್ರೆ ಮೊದ್ಲು ಕಾಣ್ಬೇಕು, ಕಂಡಿದ್ದು ಎಂತದು ಅಂತ ತಿಳೀಬೇಕು, ಹೊಡೆಯೋದು ಆಮೇಲಿನ ಮಾತು.

ಈಗ ಚಾಪೆಲ್ ಮೇಲಿನ ಗನ್ ನೋಡಿ. ಮುಂದೊಂದು ಹಿಂದೊಂದು, ಎಕೆ-230 ಅಂತ, ಒಂದೊಂದರಲ್ಲೂ ಎರಡೆರಡು ನಳಿಕೆ, 30 ಮಿಲಿಮೀಟರಿನವು. ಗೋಪುರ ದುಂಡಗೆ, ಬಟ್ಲು ಮಗುಚಿ ಹಾಕ್ದಂಗೆ, ಒಳಗೆ ಮನುಷ್ಯ ಕೂರೋ ಜಾಗವೇ ಇಲ್ಲ, ಯಾಕಂದ್ರೆ ಇದನ್ನ ತಿರುಗ್ಸೋದು ರೆಡಾರ್. ಒಂದು ನಳಿಕೆಯಿಂದ ನಿಮಿಷಕ್ಕೆ ಸುಮಾರು ಸಾವಿರ ಗುಂಡು. ಫೋಟೋ ತೆಗೆಯೋರೆಲ್ಲಾ ಇದರ ಮುಂದೆ ಸಾಲು ನಿಲ್ತಾರೆ, ನಾನು ಇದರ ಹಿಂದೆ ನಿಲ್ಲಿ ಅಂತೇನೆ. ನಳಿಕೆ ಹಿಂದೆ ನಿಂತು ಅದು ಮುಖ ಮಾಡಿರೋ ಕಡೆ ನೋಡಿ, ಅಲ್ಲಿಂದ ಒಂದು ಕ್ಷಿಪಣಿ ಬರ್ತಾ ಇದೆ ಅಂದ್ಕೊಳ್ಳಿ. ಸೆಕೆಂಡಿಗೆ 300 ಮೀಟರ್, ಶಬ್ದಕ್ಕಿಂತ ಸ್ವಲ್ಪ ಕಮ್ಮಿ. ಈ ಗನ್ನು ನಂಬಿಕೆಯಿಂದ ಹೊಡೆಯೋದು ಎರಡೂವರೆ ಕಿಲೋಮೀಟರ್ ಒಳಗೆ ಅಂತ ಹಿಡಿದ್ರೆ ಸಿಗೋ ಟೈಮು ಎಂಟು ಸೆಕೆಂಡು ಚಿಲ್ಲರೆ. ಒಂದು, ಎರಡು ಅಂತ ಮಕ್ಕಳ ಹತ್ರ ಎಣಿಸೋಕೆ ಹೇಳ್ದೆ. ಮೂರೂ ಜನ ಸೇರಿ ಎಂಟರವರೆಗೆ ಎಣಿಸಿದ್ರು, ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

"ಮಾವಾ, ಅದು ಮೊದ್ಲೇ ಕಾಣ್ತಿಲ್ಯನ?" ಅಂತ ಅಕ್ಕನ ಮಗಳು.

ಈ ಒಂದು ಪ್ರಶ್ನೆಗೆ ಉತ್ತರ ಹೇಳೋಕೆ ಹಡಗಿಂದ ಇಳಿದು ಬೀಚಿನ ಗಾಳಿಮರದ ಬುಡದಲ್ಲಿ ಕೂತ್ವಿ. ನೋಟ್‌ಬುಕ್ ತಗೊಂಡು ಹೋಗಿ ಅಂದಿದ್ದು ಇದಕ್ಕೇ. ಭೂಮಿ ದುಂಡಗಿದೆ, ಅದರ ಬೆನ್ನು ಅಡ್ಡ ಬರ್ತದೆ. ರೆಡಾರ್ ಅಲೆ ಗಾಳೀಲಿ ಸ್ವಲ್ಪ ಬಗ್ಗಿ ಹೋಗೋದ್ರಿಂದ ಕಣ್ಣಿಗಿಂತ ಒಂಚೂರು ದೂರ ಕಾಣ್ತದೆ, ಅಷ್ಟೇ. ಲೆಕ್ಕ ಸುಲಭ: ರೆಡಾರಿನ ಎತ್ತರದ ವರ್ಗಮೂಲ, ಬರೋ ವಸ್ತುವಿನ ಎತ್ತರದ ವರ್ಗಮೂಲ, ಎರಡೂ ಮೀಟರಲ್ಲಿ ತಗೊಂಡು ಕೂಡ್ಸಿ 4.12ರಿಂದ ಗುಣಿಸಿದ್ರೆ ಕಿಲೋಮೀಟರ್ ಸಿಗ್ತದೆ. ರೆಡಾರು 16 ಮೀಟರ್ ಎತ್ತರದ ಕಂಬದ ಮೇಲಿದೆ, ಕ್ಷಿಪಣಿ ನೀರಿಂದ 9 ಮೀಟರ್ ಮೇಲೆ ಬರ್ತಿದೆ ಅಂತ ಹಿಡ್ಕೊಳ್ಳಿ. ನಾಲ್ಕು, ಮೂರು, ಏಳು. ಏಳನ್ನ 4.12ರಿಂದ ಗುಣಿಸಿದ್ರೆ 28.8 ಕಿಲೋಮೀಟರ್. ಅದಕ್ಕಿಂತ ಮೊದ್ಲು ಎಷ್ಟು ದೊಡ್ಡ ರೆಡಾರ್ ಇಟ್ರೂ, ಎಷ್ಟು ಕೋಟಿ ಸುರಿದ್ರೂ ಸಾಮಾನ್ಯವಾಗಿ ಕಾಣೋದಿಲ್ಲ. ಸೆಕೆಂಡಿಗೆ 300 ಮೀಟರ್ ವೇಗಕ್ಕೆ 96 ಸೆಕೆಂಡು. ಶಬ್ದದ ಮೂರು ಪಟ್ಟು ವೇಗದ್ದು ಬಂದ್ರೆ ಅರ್ಧ ನಿಮಿಷ. ಈ ಅರ್ಧ ನಿಮಿಷದಲ್ಲಿ ಕಾಣ್ಬೇಕು, ನಮ್ಮದೋ ಪರರದೋ ಅಂತ ಗುರುತಿಸ್ಬೇಕು, ಯಾವುದರಿಂದ ಹೊಡೆಯೋದು ಅಂತ ತೀರ್ಮಾನ ಆಗ್ಬೇಕು, ಹೊಡೀಬೇಕು, ತಪ್ಪಿದ್ರೆ ಇನ್ನೊಂದ್ಸಲ ಹೊಡೀಬೇಕು.

ಹಂಗಾದ್ರೆ ಎತ್ತರಕ್ಕೆ ಹೋಗುವ ಅಂದ ಒಬ್ಬ. ಸರಿ, ನೂರು ಮೀಟರಿನ ಗುಡ್ಡದ ಮೇಲೆ ಇಟ್ರೆ 53 ಕಿಲೋಮೀಟರ್ ದಾಟ್ತದೆ. ವಿಮಾನದಲ್ಲಿಟ್ಟು 9 ಕಿಲೋಮೀಟರ್ ಮೇಲೆ ಹಾರ್ಸಿದ್ರೆ ಸುಮಾರು 400. ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ನೇತ್ರ ಅಂತ ವಿಮಾನದ ಬೆನ್ನ ಮೇಲೆ ರೆಡಾರ್ ಕೂರ್ಸಿ 2017ರಲ್ಲಿ ವಾಯುಪಡೆಗೆ ಕೊಟ್ಟಿದ್ದು ಇದಕ್ಕೇ, ಬೆಂಗಳೂರಿನ ಲ್ಯಾಬಲ್ಲಿ ಆದ ಕೆಲಸ ಅದು. ಪಿಯು ಮಕ್ಕಳಿಗೂ ಗೊತ್ತಿರೋ ವರ್ಗಮೂಲದಿಂದ ಶುರುವಾಗಿ ಲೆಕ್ಕ ಅಲ್ಲಿವರೆಗೆ ಹೋಗಿ ನಿಲ್ತದೆ. ಹುಡುಗ್ರು ಈ ಲೆಕ್ಕ ನಾಲ್ಕೈದು ಸಲ ಬೇರೆ ಬೇರೆ ಎತ್ತರಕ್ಕೆ ಮಾಡಿದ್ರು, ನಾನು ಹೇಳೋದೇ ಬೇಡ ಆಯ್ತು.

ಆಗ ಹೊನ್ನಾವರದ ಹುಡುಗ ಬಾಯಿ ಬಿಟ್ಟ. ಅಲ್ಲಿವರೆಗೆ ಸುಮ್ನೆ ಕೇಳ್ತಾ ಇದ್ದ. "ಸರ್, ಹಂಗೇ ಯಾವಾಗ್ಲೂ ಅಲ್ಲ ಸರ್" ಅಂದ. ಅವನ ಅಪ್ಪನ ಬೋಟಲ್ಲಿ ವಿಎಚ್‌ಎಫ್ ರೇಡಿಯೋ ಸೆಟ್ ಇದೆಯಂತೆ, ಬೋಟಿನವರು ಒಬ್ರಿಗೊಬ್ರು ಮಾತಾಡೋದು. ದಿನಾ ಸಿಗೋದು ಹತ್ತಿರದವರು ಮಾತ್ರ. ಆದ್ರೆ ಕೆಲವು ಸಂಜೆ, ಗಾಳಿ ಬಿದ್ದು ಸಮುದ್ರ ಎಣ್ಣೆ ಸುರಿದಂಗೆ ಇರ್ತದಲ್ಲ, ಆವಾಗ ಎಲ್ಲೋ ದೂರದ ಮಹಾರಾಷ್ಟ್ರ ಕಡೆ ಬೋಟಿನವರ ಮಾತು ಪಕ್ಕದಲ್ಲೇ ಕೂತು ಮಾತಾಡ್ದಂಗೆ ಕೇಳ್ತದಂತೆ. ಅಪ್ಪ ಅದಕ್ಕೆ 'ಇವತ್ತು ಸಮುದ್ರ ಮಾತಾಡ್ತದೆ' ಅಂತಾರಂತೆ. ನಾನು ಕೂತಲ್ಲಿಂದ ಎದ್ದು ನಿಂತೆ. ಇದಕ್ಕೆ ಇಂಜಿನಿಯರಿಂಗ್ ಪುಸ್ತಕದಲ್ಲಿ ಡಕ್ಟಿಂಗ್ ಅಂತಾರೆ. ಸಮುದ್ರದ ಮೇಲಿನ ಗಾಳಿಯಲ್ಲಿ ಕೆಳಗೆ ತೇವ ಜಾಸ್ತಿ, ಮೇಲೆ ಹೋದಂಗೆ ಒಮ್ಮೆಲೇ ಕಮ್ಮಿ ಆದ್ರೆ ರೇಡಿಯೋ ಅಲೆ ಆ ಪದರದಲ್ಲಿ ಸಿಕ್ಕಾಕೊಂಡು, ದಂಬೆಯಲ್ಲಿ ನೀರು ಹರಿದಂಗೆ, ಭೂಮಿ ಬೆನ್ನಿನ ಜೊತೆಗೇ ಬಗ್ಗಿ ದೂರ ಹೋಗ್ತದೆ. ರೆಡಾರಿಗೂ ಹಂಗೇ. ಕೆಲವು ದಿನ ದಿಗಂತದ ಆಚೆಗಿನದೂ ಕಾಣ್ತದೆ, ಅದೇ ದಿನ ಬೇರೆ ಎತ್ತರದಲ್ಲಿ ಹತ್ರದ್ದೇ ಕಾಣದೇ ಇರೋ ಕುರುಡು ಜಾಗವೂ ಹುಟ್ತದೆ. ಕಡಲ ತೀರದ ವಾಯುರಕ್ಷಣೆ ಮಾಡೋರಿಗೆ ಇದು ದೊಡ್ಡ ತಲೆನೋವು. ಇದನ್ನ ಅಳೀಬೇಕಂದ್ರೆ ಇಲ್ಲೇ ಅಳೀಬೇಕು. ದೆಹಲಿಯಲ್ಲಿ ಕೂತು ಅರಬ್ಬೀ ಸಮುದ್ರದ ಸಂಜೆ ಗಾಳಿ ಅಳೆಯೋಕೆ ಆಗೋದಿಲ್ಲ.

ನನ್ನ ತಲೇಲಿ ವರ್ಷಗಟ್ಲೆ ಇದ್ದ ಮಾತು ಇದು, ಆ ಹುಡುಗ ಒಂದೇ ವಾಕ್ಯದಲ್ಲಿ ಎದುರಿಗಿಟ್ಟ. ಡಿಫೆನ್ಸ್ ರಿಸರ್ಚ್ ಅಂದ ಕೂಡ್ಲೇ ನಮ್ಮ ಮಕ್ಕಳಿಗೆ ರಾಕೆಟ್ಟು, ಬೆಂಕಿ, ಬೆಂಗಳೂರಿನ ದೊಡ್ಡ ಗೇಟು ಕಣ್ಮುಂದೆ ಬರ್ತದೆ, ಅದು ನಮ್ದಲ್ಲ ಅಂತ ಬಿಟ್ಬಿಡ್ತಾರೆ. ಆದ್ರೆ ಆ ಗೇಟು ತೆರೆದೇ ಇದೆ ಮಾರಾಯ್ರೆ. ಕಾಲೇಜು, ಯೂನಿವರ್ಸಿಟಿಗಳಲ್ಲಿ ಸಮುದ್ರಕ್ಕೆ ಸಂಬಂಧಪಟ್ಟ ಸಂಶೋಧನೆಗೆ ದುಡ್ಡು ಕೊಡೋಕಂತಾನೇ ನೇವಲ್ ರಿಸರ್ಚ್ ಬೋರ್ಡ್ 1996ರಿಂದ ಇದೆ, ವಿಮಾನದ ಕಡೆಯ ಬೋರ್ಡ್ 1971ರಿಂದಲೇ ಇದೆ. ಐಐಎಸ್‌ಸಿ, ಐಐಟಿಗಳು, ಕೆಲವು ಯೂನಿವರ್ಸಿಟಿಗಳು ಸೇರಿ ಡಿಆರ್‌ಡಿಒ 15 ಸೆಂಟರ್ ಆಫ್ ಎಕ್ಸಲೆನ್ಸ್ ಮಾಡ್ಕೊಂಡಿದೆ, ಲ್ಯಾಬು, ಕಂಪನಿ, ಕಾಲೇಜು ಮೂರೂ ಒಟ್ಟಿಗೆ ಕೆಲಸ ಮಾಡ್ಲಿ ಅಂತ. 2021ರಿಂದ ಡಿಫೆನ್ಸ್ ಟೆಕ್ನಾಲಜಿ ಅಂತಾನೇ ಎಂಟೆಕ್ ಇದೆ, ಅದ್ರಲ್ಲಿ ಕಮ್ಯುನಿಕೇಶನ್ ಮತ್ತು ಸೆನ್ಸರ್ ಒಂದು ವಿಭಾಗ, ನೌಕಾ ತಂತ್ರಜ್ಞಾನ ಇನ್ನೊಂದು. 2022ರ ಕೇಂದ್ರ ಬಜೆಟ್ಟಲ್ಲಿ ರಕ್ಷಣಾ ಸಂಶೋಧನೆಯ ದುಡ್ಡಲ್ಲಿ ನೂರಕ್ಕೆ 25 ಪಾಲು ಕಂಪನಿ, ಸ್ಟಾರ್ಟಪ್, ಕಾಲೇಜುಗಳಿಗೆ ಅಂತ ಹೇಳಿದ್ರು. ಡೇರ್ ಟು ಡ್ರೀಮ್ ಅಂತ ಸ್ಪರ್ಧೆ ಇದೆ, ಕಲಾಂ ಅವರ ನೆನಪಲ್ಲಿ ಶುರು ಮಾಡಿದ್ದು, ಒಬ್ಬೊಬ್ರೇ ಐಡಿಯಾ ಹಿಡ್ಕೊಂಡು ಹೋಗಬಹುದು. ಇಷ್ಟೆಲ್ಲಾ ನಾನು ಹೇಳಿದಾಗ ಈ ಮೂರು ಮಕ್ಕಳಿಗೆ ಒಂದೂ ಗೊತ್ತಿರ್ಲಿಲ್ಲ. ನಾಲ್ಕನೇ ವರ್ಷದ ಇಂಜಿನಿಯರಿಂಗ್! ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳ್ಲೇ ಇಲ್ಲ, ಹೇಳಿದ್ದು ಪ್ಲೇಸ್‌ಮೆಂಟಿನ ಪ್ಯಾಕೇಜು ಒಂದೇ.

ಕಾಲೇಜಿನ ಕೆಲಸ ಕ್ಷಿಪಣಿ ಕಟ್ಟೋದಲ್ಲ. ಅಳೆಯೋದು, ಬರೆದಿಡೋದು, ಲೆಕ್ಕ ಹಾಕೋದು, ಸಣ್ಣ ತುಂಡು ಸರಿ ಮಾಡಿ ಕೊಡೋದು. ಸಮುದ್ರದ ತೆರೆಯಿಂದ ರೆಡಾರಿಗೆ ವಾಪಸ್ ಬರೋ ಗದ್ದಲ ಇದೆ, ಆ ಗದ್ದಲದೊಳಗೆ ಒಂದು ಸಣ್ಣ ಡ್ರೋನ್ ಅಡಗಿಕೊಂಡ್ರೆ ಹುಡುಕೋದು ಹೆಂಗೆ? ನಮ್ಮ ಆಷಾಢದ ಮಳೆಗೆ ಅಲೆ ಎಷ್ಟು ಸೋರಿ ಹೋಗ್ತದೆ? ಉಪ್ಪುಗಾಳಿಗೆ ಆಂಟೆನಾದ ಕನೆಕ್ಟರ್ ಎಷ್ಟು ತಿಂಗಳಲ್ಲಿ ಕಿಲುಬು ಹಿಡೀತದೆ? ನಾಲ್ಕು ಮೈಕ್ ಇಟ್ಟು ಡ್ರೋನಿನ ಗುಂಯ್ ಶಬ್ದ ಯಾವ ದಿಕ್ಕಿಂದ ಬರ್ತಿದೆ ಅಂತ ಹೇಳ್ಬಹುದಾ, ಪಕ್ಕದಲ್ಲಿ ತೆರೆ ಅಬ್ಬರಿಸ್ತಾ ಇದ್ರೂ? ಇದೆಲ್ಲಾ ಭಟ್ಕಳದಿಂದ ಮಾಜಾಳಿವರೆಗೆ ಯಾವ ಕಾಲೇಜಿನವರೂ ಮಾಡಬಹುದಾದ ಕೆಲಸ, ಹನ್ನೆರಡು ಸಾವಿರದೊಳಗೇ ಶುರು ಮಾಡಬಹುದು.

ತಾಳ್ಮೆ ಬೇಕು ಅಷ್ಟೇ. ಆಕಾಶ್ ಕ್ಷಿಪಣಿ ನೋಡಿ, 1983ರಲ್ಲಿ ಶುರುವಾದ ಕ್ಷಿಪಣಿ ಯೋಜನೆಯ ಕೂಸು ಅದು, ಪಡೆಗಳಿಗೆ ವಿಧಿಪೂರ್ವಕ ಸೇರಿದ್ದು 2015ರಲ್ಲಿ. ಮೂವತ್ತೆರಡು ವರ್ಷ. ಅದರ ಯೋಜನಾ ನಿರ್ದೇಶಕರಾಗಿದ್ದ ಪ್ರಹ್ಲಾದ ರಾಮರಾವ್ ಓದಿದ್ದು ಬೆಂಗಳೂರಿನ ಯುವಿಸಿಇಯಲ್ಲಿ, ಐಐಎಸ್‌ಸಿಯಲ್ಲಿ, ಅದಕ್ಕೆ ಕಣ್ಣಾಗಿದ್ದ ರಾಜೇಂದ್ರ ರೆಡಾರ್ ಬೆಂಗಳೂರಿನ ಎಲ್‌ಆರ್‌ಡಿಇ ಲ್ಯಾಬಿಂದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಹೊತ್ತಲ್ಲಿ ಡ್ರೋನು, ಕ್ಷಿಪಣಿ ತಡೆಯೋ ಸಾಲಲ್ಲಿ ಆಕಾಶ್ ನಿಂತಿತ್ತು, ರೆಡಾರುಗಳನ್ನೆಲ್ಲಾ ಒಂದೇ ಚಿತ್ರಕ್ಕೆ ತರೋ ಆಕಾಶ್‌ತೀರ್ ಅನ್ನೋ, ಬೆಂಗಳೂರಿನ ರಕ್ಷಣಾ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್‌ನ ವ್ಯವಸ್ಥೆಯೂ ಇತ್ತು. ಟಿವಿಯಲ್ಲಿ ಆ ರಾತ್ರಿ ನೋಡಿದ್ದು ನಮಗೆಲ್ಲಾ ನೆನಪಿದೆ, ಅದರ ಹಿಂದಿನ ಮೂವತ್ತೆರಡು ವರ್ಷ ಯಾರ ಕಣ್ಣಿಗೂ ಬೀಳೋದಿಲ್ಲ.

ಅದೇ ಮೇ ತಿಂಗಳಲ್ಲಿ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ಮಾಡೋ ಊರುಗಳ ಪಟ್ಟಿ ಬಂದಾಗ ನಮ್ಮ ರಾಜ್ಯದಲ್ಲಿ ಬೆಂಗಳೂರು, ರಾಯಚೂರು ಜೊತೆ ಕಾರವಾರದ ಹೆಸರಿತ್ತು. ಅರಗಾದ ಕದಂಬ ನೌಕಾನೆಲೆ ಒಂದು ಕಡೆ, ಕೈಗಾದ ನಾಲ್ಕು ಅಣು ವಿದ್ಯುತ್ ಘಟಕ ಇನ್ನೊಂದು ಕಡೆ, ಹೆಸರು ಬರದೇ ಇರೋಕೆ ಸಾಧ್ಯ ಇಲ್ಲ. ಕೋಡಿಬಾಗದಲ್ಲಿ ನಮ್ಮ ಸಂಬಂಧಿಕರ ಮನೆ ಇದೆ, ಮಧ್ಯಾಹ್ನ ಊಟ ಅಲ್ಲೇ ಆಯ್ತು. ಆ ಮನೆ ಅತ್ತೆಗೆ ಎಪ್ಪತ್ತಾರು ವರ್ಷ. ಆವಾಗ ಹೆದರಿಕೆ ಆಗಿತ್ತಾ ಅತ್ತೆ ಅಂತ ಕೇಳ್ದೆ. "ಹೆದರಿಕೆ ಎಂತದೂ ಇಲ್ಲೆ, ಕಿಟಕಿಗೆ ಎಂತ ಕಟ್ಟೂದು ಹೇಳಿ ಗೊತ್ತಾಯ್ದಿಲ್ಲೆ, ಹಳೇ ಕಂಬಳಿ ತೆಗ್ದಿಟ್ಟಿದ್ದಿ" ಅಂದ್ರು, ಮನೆ ಬೆಳಕು ಹೊರಗೆ ಕಾಣ್ಬಾರ್ದಲ್ಲ, ಅದಕ್ಕೆ. ಏರಿಳೀತಾ ಕೂಗೋ ಸೈರನ್ ಅಂದ್ರೆ ಅಪಾಯ, ಒಂದೇ ಸಮ ಕೂಗಿದ್ರೆ ಅಪಾಯ ಕಳೀತು, ಇದು ಅವರಿಗೆ ಆಗಲೇ ಗೊತ್ತಾಗಿದ್ದಂತೆ. ಸೈರನ್ ಕೇಳಿ ಮಾಡ್ಬೇಕಾಗಿದ್ದು ಎಪ್ಪತ್ತಾರರ ಅತ್ತೆ ಕಲ್ತಿದ್ದಾರೆ. ಆ ಸೈರನ್ ಹತ್ತು ಸೆಕೆಂಡ್ ಮೊದ್ಲು ಕೂಗೋ ಹಂಗೆ ಮಾಡೋದು ಇವತ್ತು ಕಾಲೇಜಲ್ಲಿ ಓದ್ತಿರೋರ ಕೆಲಸ.

ಟುಪೊಲೆವ್ ಬಗ್ಗೆ. ಮಧ್ಯಾಹ್ನದ ಮೇಲೆ ಅದರ ಹತ್ರ ಹೋದ್ವಿ. 2023ರಲ್ಲಿ ತಮಿಳುನಾಡಿನ ಅರಕ್ಕೋಣಂನಿಂದ ಬಿಡಿ ಬಿಡಿ ಮಾಡಿ ಲಾರಿ ಮೇಲೆ ತಂದಿದ್ದು ಇದು, ಇಲ್ಲಿ ಮತ್ತೆ ಜೋಡಿಸಿದ್ರು. ಟಿಯು-142, ಉದ್ದ ಸುಮಾರು 53 ಮೀಟರ್, ರೆಕ್ಕೆ ತುದಿಯಿಂದ ತುದಿಗೆ 50. ನೌಕಾಪಡೆಯಲ್ಲಿ ಇಂತವು ಎಂಟಿದ್ವು, 1988ರಲ್ಲಿ ಬಂದಾಗ ಮೊದ್ಲು ಇದ್ದಿದ್ದು ಪಕ್ಕದ ಗೋವಾದಲ್ಲೇ, 2017ರ ಮಾರ್ಚಲ್ಲಿ ನಿವೃತ್ತಿ. ನೀವು ನೋಡ್ಲೇಬೇಕಾಗಿದ್ದು ಅದರ ಪಂಕ. ಒಂದೊಂದು ಇಂಜಿನಿಗೆ ಒಂದರ ಹಿಂದೆ ಒಂದು ಎರಡು ಪಂಕ, ನಾಲ್ಕು ನಾಲ್ಕು ಎಲೆ, ಎರಡೂ ವಿರುದ್ಧ ದಿಕ್ಕಿಗೆ ತಿರುಗೋದು. ಒಂದರ ಎಲೆಯ ವಾರೆ ಒಂದು ಕಡೆಗೆ, ಇನ್ನೊಂದರದ್ದು ಅದಕ್ಕೆ ಎದುರು, ಬದಿಗೆ ನಿಂತು ನೋಡಿದ್ರೆ ಸ್ಪಷ್ಟ ಕಾಣ್ತದೆ. ಮುಂದಿನ ಪಂಕ ಗಾಳಿಯನ್ನ ತಿರುಚಿ ಬಿಡ್ತದಲ್ಲ, ಆ ತಿರುಚಿದ ಗಾಳಿಯ ಶಕ್ತಿ ಹಾಳಾಗದ ಹಂಗೆ ಹಿಂದಿನದು ನೆಟ್ಟಗೆ ಮಾಡ್ತದೆ. ಬಾಲದಲ್ಲಿ 23 ಮಿಲಿಮೀಟರಿನ ಜೋಡಿ ಗನ್ನು, ಹಿಂದಿಂದ ಬರೋ ವಿಮಾನಕ್ಕೆ. ಕೆಲಸ ಇದರದ್ದು ಸಮುದ್ರದ ಮೇಲೆ ತಾಸುಗಟ್ಲೆ ಹಾರಿ ಹಡಗು, ಸಬ್‌ಮರಿನ್ ಹುಡುಕೋದು. ಬೆಳಿಗ್ಗೆ ಮಾಡಿದ ಎತ್ತರದ ಲೆಕ್ಕ ಇಲ್ಲಿ ಮತ್ತೆ ಕೈಗೆ ಬರ್ತದೆ, ಹಡಗಿನ ಕಂಬದಿಂದ ಕಾಣದ್ದು ಇದಕ್ಕೆ ಯಾಕೆ ಕಾಣ್ತಿತ್ತು ಅಂತ ಮಕ್ಕಳೇ ಹೇಳಿದ್ರು. ಹಂಗಾಗಿ ಮೊದ್ಲು ಹಡಗು, ಆಮೇಲೆ ವಿಮಾನ, ಇದೇ ಕ್ರಮದಲ್ಲಿ ನೋಡಿ.

ಹೋಗೋರಿಗೆ ನಾಲ್ಕು ಮಾತು. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಕಬ್ಬಿಣದ ಡೆಕ್ ಕಾದು ಕಾಲು ಇಡೋಕಾಗಲ್ಲ, ಮಕ್ಕಳಿಗೆ ಬೂಟು ಹಾಕ್ಸಿ. ಒಳಗಿನ ಏಣಿ ಕಡಿದು, ಬಾಗಿಲು ಕಿರಿದು, ಯುದ್ಧದ ಹಡಗು ಇರೋದೇ ಹಂಗೆ, ಮಂಡಿ ನೋವಿನವರು ಮೇಲಿಂದಲೇ ನೋಡೋದು ಚಲೋ. ಒಳಗೆ ಸಿಬ್ಬಂದಿಯ ಗೊಂಬೆಗಳನ್ನ ಅವರವರ ಜಾಗದಲ್ಲಿ ಇಟ್ಟಿದ್ದಾರೆ, ಅವನ್ನ ನೋಡಿ ಮುಂದೆ ಹೋಗ್ಬೇಡಿ, ಅಂತ ಇಕ್ಕಟ್ಟಲ್ಲಿ ಸುಮಾರು ಮೂವತ್ತು ಜನ ಉಪ್ಪು ಗಾಳಿ, ಡೀಸೆಲ್ ವಾಸನೆ ನಡುವೆ ಇರ್ತಿದ್ರು ಅಂತ ಒಂದು ನಿಮಿಷ ನಿಂತು ಯೋಚ್ನೆ ಮಾಡಿ. ಪಿ-15 ಕ್ಷಿಪಣಿಯ ಇಂಧನ ಅಂತೂ ಮೈಗೆ ತಾಗಿದ್ರೆ ಸುಡೋ ವಿಷ, ಅದನ್ನ ತುಂಬೋರು ರಕ್ಷಣೆಯ ದಿರಿಸು ಹಾಕ್ಕೊಂಡೇ ತುಂಬ್ಬೇಕಿತ್ತು. ಇನ್ನೊಂದು, ಡ್ರೋನ್ ತಗೊಂಡು ಹೋಗ್ಬೇಡಿ, ಅರಗಾ ಕಡೆ ಕ್ಯಾಮೆರಾ ತಿರುಗಿಸ್ಬೇಡಿ. ಸುಮ್ನೆ ಹೇಳ್ತಿಲ್ಲ, ನೌಕಾನೆಲೆ ಇರೋ ಊರು ಇದು. ಆ ನೆಲೆಗಾಗಿ ಕಾರವಾರ, ಅಂಕೋಲಾದ ಹದಿಮೂರು ಊರಿನವರು ಮನೆ ಮಠ ಬಿಟ್ಟು ಎದ್ದಿದ್ದಾರೆ, ಹಂಗಾಗಿ ಆ ಕಡಲಿಗೂ ಆ ಬೇಲಿಗೂ ಮರ್ಯಾದೆ ಕೊಡ್ಬೇಕು. ಆ ಕುಟುಂಬಗಳ ಮೊಮ್ಮಕ್ಕಳು ಇವತ್ತು ಇಂಜಿನಿಯರಿಂಗ್ ಓದ್ತಿದ್ದಾರೆ. ಸಂಶೋಧನೆಯ ದುಡ್ಡು, ಅವಕಾಶ ಮೊದ್ಲು ಅವರ ಕೈಗೆ ಬರ್ಬೇಕು ಅಂತ ನನ್ನ ಆಸೆ, ಬಾಯಿ ಬಿಟ್ಟೇ ಹೇಳ್ತೇನೆ.

ಸಾಯಂಕಾಲ ಹೊರಡೋ ಮೊದ್ಲು ಮತ್ತೆ ದಂಡೆಗೆ ಬಂದ್ವಿ. ಗಾಳಿ ಇರ್ಲಿಲ್ಲ. ಒಂದು ಬೋಟು ಹೊರಗೆ ಹೋಗ್ತಾ ಇತ್ತು, ಮೊದ್ಲು ಅದರ ಹೊಟ್ಟೆ ಮುಳುಗ್ತು, ಆಮೇಲೆ ಕ್ಯಾಬಿನ್ನು, ಕೊನೆಗೆ ಬಾವುಟ ಇರೋ ಕಂಬ ಮಾತ್ರ ಒಂದು ಗೆರೆ ಥರ ಉಳೀತು. ಹೊನ್ನಾವರದ ಹುಡುಗ ಅಪ್ಪನಿಗೆ ಫೋನ್ ಮಾಡಿ ಇವತ್ತು ಸೆಟ್ಟಲ್ಲಿ ಯಾರ್ಯಾರು ಕೇಳ್ತಿದ್ದಾರೆ ಅಂತ ಕೇಳ್ದ. ಅಕ್ಕನ ಮಗಳು ತಾರೀಖು, ಟೈಮು, ಗಾಳಿ ಇಲ್ಲ, ಆಕಾಶ ಸ್ವಚ್ಛ ಅಂತ ನೋಟ್‌ಬುಕ್ಕಿನ ಮೊದಲ ಸಾಲಲ್ಲಿ ಬರೆದ್ಲು. ಅಂಗಡಿಯ ಪ್ರಾಜೆಕ್ಟ್ ಬೇಡ ಅಂತ ಅವರೇ ಮೂರು ಜನ ತೀರ್ಮಾನ ಮಾಡಿದ್ದಾರೆ. ಅಪ್ಪನ ಬೋಟಿನವರು ದಿನಾ ಸಂಜೆ ದೂರದ ಯಾವ ಊರಿನ ಮಾತು ಕೇಳಿತು ಅಂತ ಹೇಳ್ತಾರೆ, ಇವರು ದಂಡೆಯಲ್ಲಿ ತೇವ, ಉಷ್ಣತೆ ಅಳೆದು ಬರೀತಾರೆ, ಆರು ತಿಂಗಳು. ಒದ್ದೆ ಒಣ ಥರ್ಮಾಮೀಟರ್ ನಮ್ಮ ಲ್ಯಾಬಿಂದ ಎರವಲು ಕೊಡಿಸೋಕೆ ಪ್ರಿನ್ಸಿಪಾಲರನ್ನ ಕೇಳಿದ್ದೇನೆ, ಮುಂದಿನ ಭಾನುವಾರ ಅದನ್ನ ತಗೊಂಡು ಮತ್ತೆ ಘಟ್ಟ ಇಳೀತಿದ್ದೇವೆ.